ನಲವತ್ತಮೂರು ದಿನದ ಹಾಜರಿ

ಬಾಗಲಕೋಟೆಯ ಮೈದಾನದಲ್ಲಿ ಅಂತರಕಾಲೇಜು ಖೋ ಖೋ ಫೈನಲ್ ಮುಗಿಯಲು ಇನ್ನೂ ಎರಡು ನಿಮಿಷವಿತ್ತು. ಹುನಗುಂದದ ಸಂಗಮಜ್ಯೋತಿ ಪದವಿ ಕಾಲೇಜಿನ ಹುಡುಗಿಯರ ಪೈಕಿ ಅಂಕಣದಲ್ಲಿ ಉಳಿದವಳು ಮಲ್ಲಮ್ಮ ಒಬ್ಬಳೇ. ಅವಳು ಸಿಕ್ಕರೆ ಅಂಕ ಸಮ, ಸಿಗದಿದ್ದರೆ ಒಂದು ಅಂಕದ ಗೆಲುವು.

ಗೆರೆಯಾಚೆ ನಿಂತ ಶೈಲಾ ಕೂಗುವುದನ್ನು ನಿಲ್ಲಿಸಿದ್ದಳು. ಹತ್ತೊಂಬತ್ತು ವರ್ಷ ಆ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದವಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಮಲ್ಲಮ್ಮ ಓಡುವಾಗ ಯಾರ ಮಾತೂ ಅವಳ ಕಿವಿಗೆ ಬೀಳುವುದಿಲ್ಲ. ಅವಳು ಕೂತ ಹುಡುಗಿಯರ ಬೆನ್ನ ಹಿಂದಿನಿಂದ ಹಾವಿನಂತೆ ಸುತ್ತಿ ಬಂದಳು, ಕಂಬದ ಬಳಿ ಬಗ್ಗಿ, ಹಿಡಿಯಲು ಚಾಚಿದ ಕೈಯಿಂದ ತಪ್ಪಿಸಿಕೊಂಡಳು, ಮತ್ತೆ ಸುತ್ತಿದಳು. ಸೀಟಿ ಊದಿದಾಗ ಅಂಕಣದ ನಡುವೆ ಕೈ ಮೊಣಕಾಲ ಮೇಲಿಟ್ಟು ನಿಂತು, ‘ಮುಗೀತೇನ್ರಿ?’ ಎಂದು ಅಂಪೈರನ್ನೇ ಕೇಳಿದಳು.

ಕಾಲೇಜು ಶುರುವಾದ ಮೇಲೆ ಬಂದ ಮೊದಲ ಕಪ್ಪು ಅದು. ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಹಲಗೆ ಬಾರಿಸಿದರು. ಪ್ರಿನ್ಸಿಪಾಲ್ ಪ್ರಭುಲಿಂಗ ಅವರು ಪೇಢೆ ಹಂಚಿದರು. ಆ ಗದ್ದಲದಲ್ಲಿ ಶೈಲಾ ನಗುತ್ತಿದ್ದಳು, ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಇದ್ದೇ ಇತ್ತು. ಅದೇನೆಂದು ಅವಳಿಗೆ ಗೊತ್ತಿತ್ತು.

ಮಲ್ಲಮ್ಮನದು ಹುನಗುಂದದಿಂದ ಐಹೊಳೆಯ ದಾರಿಯಲ್ಲಿರುವ ಹಳ್ಳಿ. ಅಪ್ಪ ಅಮಸಿದ್ದಪ್ಪನಿಗೆ ನೂರಿಪ್ಪತ್ತು ಕುರಿ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರಿಗೆ ಕುರಿಗಳ ಗೊರಸು ಕೊಳೆಯುತ್ತದೆಂದು ಅವನು ಪ್ರತಿ ವರ್ಷ ಹಿಂಡನ್ನು ಐಹೊಳೆಯ ಕಲ್ಲುಗುಡ್ಡದ ಕಡೆಗೆ ಹೊಡೆದುಕೊಂಡು ಹೋಗುತ್ತಿದ್ದ. ಆ ವರ್ಷ ಆಗಸ್ಟಿನಲ್ಲಿ ಬದುವಿನ ಮೇಲಿಂದ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡ. ಮನೆಯಲ್ಲಿ ಬೇರೆ ಗಂಡಾಳಿರಲಿಲ್ಲ. ತಾಯಿ ರಂಗವ್ವ ಗಂಡನ ಜೊತೆ ಬಾಗಲಕೋಟೆಯ ದವಾಖಾನೆಯಲ್ಲಿ ಉಳಿದಳು. ಮಲ್ಲಮ್ಮ ಕೈಯಲ್ಲಿ ಕೋಲು ಹಿಡಿದು, ವಯಸ್ಸಾದ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಗುಡ್ಡಕ್ಕೆ ಹೋದಳು.

ಶೈಲಾ ಅಲ್ಲಿಗೆ ಹೋಗಿ ಅವಳನ್ನು ನೋಡಿದ್ದಳು. ತುಂತುರು ಮಳೆ, ಹಳೆಯ ಗುಡಿಯೊಂದರ ಜಗಲಿಯ ಮೇಲೆ ಅಜ್ಜಿ ಕಂಬಳಿ ಹೊದ್ದು ಕೂತಿದ್ದಳು. ಮಲ್ಲಮ್ಮ ಬಂಡೆಯಿಂದ ಬಂಡೆಗೆ ಹಾರುತ್ತ ಹಿಂಡಿನ ಹೋತವೊಂದನ್ನು ಅಟ್ಟಿಸಿಕೊಂಡು ಬಂದಳು.

‘ಮುಂಜಾನೆ ಸಂಜಿ ಓಡಾಕತ್ತೀನ್ರಿ ಮೇಡಂ,’ ಎಂದಳು. ‘ಈ ಹೋತ ಐತಲ್ರಿ, ಇದು ಬಿಡೂದಿಲ್ರಿ ನನ್ನ.’

ಆಟಕ್ಕೆ ಇಳಿಯಲು ವಿದ್ಯಾರ್ಥಿಗೆ ಶೇಕಡಾ ಎಪ್ಪತ್ತೈದು ಹಾಜರಿ ಇರಬೇಕೆಂಬುದು ವಿಶ್ವವಿದ್ಯಾಲಯದ ನಿಯಮ. ಕಾಲೇಜು ಒಪ್ಪಿದ ತರಬೇತಿ ಶಿಬಿರದಲ್ಲಿದ್ದ ದಿನಗಳನ್ನು ಮಾತ್ರ ಕ್ರೀಡಾ ಹಾಜರಿ ಎಂದು ಹಿಡಿಯಬಹುದಿತ್ತು. ಸೆಪ್ಟೆಂಬರ್ ಕೊನೆಗೆ ಮಲ್ಲಮ್ಮ ಮರಳಿದಾಗ ಶೈಲಾ ಕ್ರೀಡಾ ಹಾಜರಿಯ ಪ್ರಮಾಣಪತ್ರದಲ್ಲಿ ಅವಳ ಹೆಸರಿನ ಮುಂದೆ ‘ವಿಶೇಷ ತರಬೇತಿ ಶಿಬಿರ, ನಲವತ್ತಮೂರು ದಿನ’ ಎಂದು ಬರೆದು ಸಹಿ ಮಾಡಿದಳು. ಅಂಥ ಶಿಬಿರ ನಡೆದಿರಲಿಲ್ಲ. ಬರೆಯುವಾಗ ಅವಳು ತನಗೆ ತಾನೇ ಹೇಳಿಕೊಂಡದ್ದು ಇಷ್ಟೇ: ಓಡಿದ್ದಂತೂ ಖರೆ, ಎಲ್ಲಿ ಓಡಿದರೇನು. ಮಲ್ಲಮ್ಮ ಹಾಜರಿಯ ಬಗ್ಗೆ ಕೇಳಲಿಲ್ಲ, ಶೈಲಾ ಹೇಳಲೂ ಇಲ್ಲ.

ನವೆಂಬರಿನಲ್ಲಿ ಅದು ಹೊರಬಿತ್ತು. ಐಹೊಳೆ ನೋಡಲು ಬಂದಿದ್ದ ಯಾರೋ ಪ್ರವಾಸಿ, ಒಬ್ಬ ಹುಡುಗಿ ಓಡುವ ಹೋತದ ಹಿಂದೆ ಕಲ್ಲಿನ ಗೋಡೆ ಜಿಗಿದು ಅದರ ಕೊಂಬು ಹಿಡಿಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಇಂಟರ್ನೆಟ್ಟಿಗೆ ಹಾಕಿದ್ದ. ಕಪ್ಪು ಗೆದ್ದ ಮೇಲೆ ಹುನಗುಂದದ ಹುಡುಗರೇ ಆ ವಿಡಿಯೊ ಹುಡುಕಿ, ‘ನಮ್ಮ ಮಲ್ಲಮ್ಮ ನೋಡ್ರಿ’ ಎಂದು ಊರೆಲ್ಲ ಹಂಚಿದರು. ಫೈನಲ್‌ನಲ್ಲಿ ಸೋತ ಕಾಲೇಜಿನವರೂ ನೋಡಿದರು. ಅದರ ತಾರೀಖು ಸೆಪ್ಟೆಂಬರ್ ಹದಿನಾಲ್ಕು. ಆ ದಿನ ಕಾಲೇಜಿನ ಕಾಗದದಲ್ಲಿ ಮಲ್ಲಮ್ಮ ತರಬೇತಿ ಶಿಬಿರದಲ್ಲಿದ್ದಳು.

ದೂರು ಹೋಯಿತು. ಕಪ್ಪು ವಾಪಸು ಕೊಡಲು ಪತ್ರ ಬಂತು. ವಿಚಾರಣೆ ಡಿಸೆಂಬರ್ ಮೊದಲ ವಾರಕ್ಕೆ ಎಂದು ಗೊತ್ತಾಯಿತು.

ಪ್ರಭುಲಿಂಗ ಅವರು ಶೈಲಾಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಅವರು ಕೂಗಾಡುವ ಮನುಷ್ಯನಲ್ಲ. ಟೇಬಲ್ಲಿನ ಮೇಲೆ ನಿಯಮಾವಳಿಯ ಪುಸ್ತಕ ಬಿಚ್ಚಿಟ್ಟಿದ್ದರು.

‘ಓದೀರೇನು ಇದನ್ನ?’

‘ಓದೀನ್ರಿ ಸರ್.’

‘ಕಾಲೇಜು ಸುಳ್ಳು ಪ್ರಮಾಣಪತ್ರ ಕೊಟ್ರ ಎರಡು ವರ್ಷ ಕಾಲೇಜಿಗೆ ನಿಷೇಧ. ಖೋ ಖೋ ಒಂದ ಅಲ್ಲ, ಎಲ್ಲಾ ಆಟಕ್ಕೂ. ವಾಲಿಬಾಲ್, ಕಬಡ್ಡಿ, ಸೈಕ್ಲಿಂಗ್, ಎಲ್ಲಾ. ಈ ವರ್ಷ ಆಡೂ ಮಕ್ಕಳು ಎಷ್ಟ್ ಮಂದಿ ಅದಾರ ಹೇಳ್ರಿ?’

‘ಅರವತ್ತನಾಲ್ಕು.’

‘ವಿದ್ಯಾರ್ಥಿ ಸುಳ್ಳು ಹೇಳಿ ಕಾಲೇಜಿಗೆ ಮೋಸ ಮಾಡಿದ್ರ ಶಿಕ್ಷೆ ಆ ವಿದ್ಯಾರ್ಥಿಗೆ ಅಷ್ಟ. ಮೂರು ವರ್ಷ.’ ಅವರು ಒಂದು ಟೈಪು ಮಾಡಿದ ಹಾಳೆಯನ್ನು ಮುಂದೆ ಸರಿಸಿದರು. ‘ನಾನೂ ಹೆಣ್ಣಮಕ್ಕಳ ತಂದಿ ಅದೇನಿ ಮೇಡಂ. ಇದನ್ನ ಬರ್ಸೂಮುಂದ ನನಗ ಖುಷಿ ಆಗಿಲ್ಲ. ಆದ್ರ ಒಬ್ಬಾಕಿ ಒಂದ್ ಕಡೆ, ಅರವತ್ತನಾಲ್ಕು ಮಂದಿ ಒಂದ್ ಕಡೆ. ನೀವ ಹೇಳ್ರಿ.’

ಹಾಳೆಯಲ್ಲಿ ಮಲ್ಲಮ್ಮ ಬರೆದಂತೆ ಇತ್ತು: ನಾನು ಬೇರೆ ಊರಿನ ತರಬೇತಿ ಶಿಬಿರದಲ್ಲಿದ್ದೇನೆಂದು ಮೇಡಂ ಅವರಿಗೆ ತಪ್ಪು ಮಾಹಿತಿ ನೀಡಿದ್ದೇನೆ. ಇದಕ್ಕೆ ನಾನೇ ಹೊಣೆ.

ಶೈಲಾ ಹಾಳೆ ಮಡಚಿ ಚೀಲದಲ್ಲಿಟ್ಟುಕೊಂಡಳು. ಸ್ಕೂಟಿಯಲ್ಲಿ ಹಳ್ಳಿಗೆ ಹೋಗುವಾಗ ದಾರಿಯುದ್ದಕ್ಕೂ ತನ್ನ ಜೊತೆ ತಾನೇ ವಾದ ಮಾಡಿದಳು. ಮೂರನೇ ವರ್ಷದ ವಾಲಿಬಾಲ್ ಕ್ಯಾಪ್ಟನ್ ಮುಕ್ತಾರನ ಮುಖ ಕಣ್ಮುಂದೆ ಬಂತು. ಅವನು ಇಳಕಲ್ಲಿನಿಂದ ದಿನಾ ಮುಂಜಾನೆ ಮೊದಲ ಬಸ್ಸಿಗೆ ಬಂದು ನೆಟ್ ಕಟ್ಟುತ್ತಿದ್ದ. ಅವನೇನು ತಪ್ಪು ಮಾಡಿದ್ದಾನೆ? ಮಲ್ಲಮ್ಮನಾದರೂ ಏನು ತಪ್ಪು ಮಾಡಿದ್ದಾಳೆ? ತಪ್ಪು ಮಾಡಿದವಳು ಸ್ಕೂಟಿ ಓಡಿಸುತ್ತಿದ್ದಾಳೆ, ಆದರೆ ಆ ಪುಸ್ತಕದಲ್ಲಿ ಅವಳೊಬ್ಬಳಿಗೇ ಆಗುವ ಶಿಕ್ಷೆ ಯಾವುದೂ ಇರಲಿಲ್ಲ.

ಅಮಸಿದ್ದಪ್ಪ ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ. ಏಳಲು ಹೋದವನನ್ನು ಶೈಲಾ ತಡೆದಳು.

‘ಬರ್ರಿ ಅಕ್ಕೋರ, ಕುಂಡ್ರರಿ. ನಮ್ಮ ಹುಡುಗಿಯಿಂದ ನಿಮಗ ತ್ರಾಸ ಆತು ಅಂತ ಕೇಳೀನಿ.’

‘ಅಕಿಯಿಂದ ಏನೂ ಆಗಿಲ್ರಿ. ನನ್ನಿಂದ ಅಕಿಗೆ ಆಗೇತಿ.’

ರಂಗವ್ವ ಚಹಾ ತಂದಳು. ಮಲ್ಲಮ್ಮ ಹಟ್ಟಿಯಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಒರಗಿ ನಿಂತಳು. ಶೈಲಾ ಹಾಳೆಯನ್ನು ತೆಗೆಯಬೇಕೆಂದುಕೊಂಡಿರಲಿಲ್ಲ, ಆದರೂ ತೆಗೆದಳು. ಇದು ಪ್ರಿನ್ಸಿಪಾಲರು ಕೊಟ್ಟದ್ದು, ಇದರಲ್ಲಿ ಹೀಗಿದೆ, ಇದಕ್ಕೆ ಸಹಿ ಹಾಕಿದರೆ ನಿನಗೆ ಮೂರು ವರ್ಷ, ಹಾಕದಿದ್ದರೆ ಎಲ್ಲರಿಗೂ ಎರಡು ವರ್ಷ ಎಂದು ಎಲ್ಲವನ್ನೂ ಬಿಡಿಸಿ ಹೇಳಿದಳು. ಹಾಕು ಎನ್ನಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಮಲ್ಲಮ್ಮ ಹಾಳೆಯನ್ನು ಎರಡು ಸಲ ಓದಿದಳು.

‘ಇದ್ರಾಗ ಬರ್ದಿದ್ದು ಖರೆ ಅಲ್ಲಲ್ರಿ ಮೇಡಂ.’

‘ಅಲ್ಲ.’

‘ಮುಕ್ತಾರಣ್ಣಾರೂ ಆಡಾಕಾಗೂದಿಲ್ಲೇನ್ರಿ?’

‘ಆಗೂದಿಲ್ಲ.’

ಅಮಸಿದ್ದಪ್ಪ ಮಗಳ ಮುಖ ನೋಡಿದ. ‘ನೋಡವಾ, ನಿನಗ ಸರಿ ಅನಿಸಿದ್ದು ಮಾಡು. ಬೀರಪ್ಪ ದ್ಯಾವರ ಮ್ಯಾಲ ಭಾರ ಹಾಕು,’ ಎಂದ.

ಮಲ್ಲಮ್ಮ ಬಾಗಿಲ ಚೌಕಟ್ಟಿಗೆ ಹಾಳೆ ಒತ್ತಿ ಹಿಡಿದು ಸಹಿ ಮಾಡಿದಳು. ‘ತಗೋರಿ,’ ಎಂದು ಕೊಟ್ಟು, ಕುರಿಗೆ ಮೇವು ಹಾಕುವುದಿದೆಯೆಂದು ಹಟ್ಟಿಗೆ ಹೋದಳು.

ವಿಚಾರಣೆಯ ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷರು ಸಂಗಯ್ಯ. ನಿವೃತ್ತ ದೈಹಿಕ ನಿರ್ದೇಶಕರು, ಅಂಪೈರ್ ಆಗಿದ್ದಾಗ ಸ್ವಂತ ಊರಿನ ತಂಡವನ್ನೇ ಅಂಕಣದಿಂದ ಹೊರಗೆ ಹಾಕಿದವರೆಂದು ಹೆಸರಾದವರು. ಬಾಗಲಕೋಟೆಯ ಒಂದು ಸಣ್ಣ ಸಭಾಗೃಹದಲ್ಲಿ ಉದ್ದನೆಯ ಟೇಬಲ್ಲಿನ ಆಚೆ ಅವರು ಕೂತಿದ್ದರು. ಈಚೆ ಪ್ರಭುಲಿಂಗ, ಶೈಲಾ, ತುದಿಯ ಕುರ್ಚಿಯಲ್ಲಿ ಮಲ್ಲಮ್ಮ.

ಸಂಗಯ್ಯ ವಿಡಿಯೊ ಹಾಕಿ ತೋರಿಸಿದರು. ಅದು ಮುಗಿದ ಮೇಲೆ ಕನ್ನಡಕ ತೆಗೆದು, ‘ಭಾಳ ಚಂದ ಜಿಗದಿ, ತಂಗಿ,’ ಎಂದರು ಮಲ್ಲಮ್ಮನಿಗೆ. ಆಮೇಲೆ ಶೈಲಾಳ ಕಡೆ ತಿರುಗಿದರು. ‘ಈ ಸಹಿ ನಿಮ್ದ ಏನ್ರಿ?’

‘ನನ್ದ.’

‘ಈಕಿ ನಿಮಗ ಶಿಬಿರದಾಗ ಅದೇನಿ ಅಂತ ಹೇಳಿದ್ಲೇನು?’

ಪ್ರಭುಲಿಂಗ ಅವರು ಮುಂದೆ ಬಾಗಿ ಶೈಲಾಳ ಚೀಲದ ಕಡೆ ನೋಡಿದರು. ಹಾಳೆ ಅದರಲ್ಲೇ ಇತ್ತು. ಕೊಡಬೇಕೆಂದೇ ಅವಳು ಮುಂಜಾನೆ ಮನೆಯಿಂದ ಹೊರಟಿದ್ದಳು. ಅರವತ್ತನಾಲ್ಕು ಮಂದಿ ಎಂದು ಬಸ್ಸಿನಲ್ಲಿ ಮತ್ತೆ ಮತ್ತೆ ಎಣಿಸಿದ್ದಳು. ಆದರೆ ಚಂದ ಜಿಗದಿ ಎಂದಾಗ ಮಲ್ಲಮ್ಮನ ಮುಖ ಒಂದು ಕ್ಷಣ ಅರಳಿದ್ದನ್ನು ಕಂಡ ಮೇಲೆ, ಸಂಗಯ್ಯನವರ ಅದೇ ಬಾಯಿಂದ ಇವಳು ಮೋಸಗಾರ್ತಿ ಎಂಬ ಮಾತು ಹೊರಡುವುದನ್ನು ಕೇಳಿಸಿಕೊಳ್ಳುವುದು ಅವಳಿಂದಾಗಲಿಲ್ಲ.

‘ಇಲ್ರಿ ಸರ್. ಕುರಿ ಕಾಯಾಕ ಹೋಗ್ಯಾಳ ಅಂತ ನನಗ ಗೊತ್ತಿತ್ತು. ಅಲ್ಲಿಗೆ ಹೋಗಿ ನೋಡಿ ಬಂದೇನಿ. ಗೊತ್ತಿದ್ದ ಬರದೇನಿ. ಈಕಿಗೆ ಏನೂ ಗೊತ್ತಿಲ್ಲ.’

ಪ್ರಭುಲಿಂಗ ಅವರು ಕಣ್ಣು ಮುಚ್ಚಿಕೊಂಡರು. ಮಲ್ಲಮ್ಮ ಏನೋ ಹೇಳಲು ಬಾಯಿ ತೆರೆದಳು. ಸಂಗಯ್ಯ ಕೈ ಎತ್ತಿ ತಡೆದರು.

‘ಯಾಕ ಬರದ್ರಿ?’

‘ಅಕಿ ಆಡ್ಲಿ ಅಂತ. ಮತ್ತ…’ ಶೈಲಾ ನಿಲ್ಲಿಸಿ, ಉಳಿದದ್ದನ್ನೂ ಹೇಳಿದಳು. ‘ಮತ್ತ ಗೆಲ್ಲಬೇಕಾಗಿತ್ತು ನನಗ. ಹತ್ತೊಂಬತ್ತು ವರ್ಷ ಆಗಿತ್ರಿ.’

‘ಶಿಕ್ಷಾ ಏನು ಅಂತ ಗೊತ್ತೈತಿ?’

‘ಗೊತ್ತೈತ್ರಿ. ಆದ್ರ ತಪ್ಪು ನಾ ಒಬ್ಬಾಕಿ ಮಾಡೀನಿ. ಆಟ ನಿಲ್ಲೂದು ಅರವತ್ತನಾಲ್ಕು ಮಕ್ಕಳದು. ಅದೊಂದು ವಿಚಾರ ಮಾಡ್ರಿ.’

ಸಂಗಯ್ಯ ಪೆನ್ನು ಕೆಳಗಿಟ್ಟರು. ‘ಮೂವತ್ತು ವರ್ಷದಿಂದ ಈ ಮಾತ ಕೇಳಾಕತ್ತೀನ್ರಿ ಮೇಡಂ. ಶಿಕ್ಷಾ ದೊಡ್ಡದು ಅಂತ ನಮಗೂ ಗೊತ್ತೈತಿ. ಒಬ್ಬರಿಗೆ ಅಷ್ಟ ಆಗೂದಿದ್ರ ಪ್ರತಿ ಕಾಲೇಜೂ ಒಬ್ಬರನ್ನ ಮುಂದ ನಿಲ್ಲಿಸಿ ಕಪ್ಪು ಒಯ್ತಾವ. ಎಲ್ಲಾರಿಗೂ ಬೀಳತೈತಿ ಅಂದ್ರ ಅಷ್ಟ ಎಲ್ಲಾರೂ ಕಣ್ಣು ತೆರ್ದು ಇರ್ತಾರ.’ ಕನ್ನಡಕ ಹಾಕಿಕೊಂಡು, ‘ಇದು ನ್ಯಾಯ ಅಂತ ನಾ ಅನ್ನೂದಿಲ್ಲ. ಬ್ಯಾರೆ ದಾರಿ ನನಗ ಇನ್ನೂ ಸಿಕ್ಕಿಲ್ಲ,’ ಎಂದರು.

ಜನವರಿಯಲ್ಲಿ ಆದೇಶ ಬಂತು. ಪ್ರಶಸ್ತಿ ರದ್ದು. ಕಾಲೇಜಿಗೆ ಎಲ್ಲ ಆಟಗಳಲ್ಲೂ ಎರಡು ವರ್ಷ ನಿಷೇಧ. ಶೈಲಾ ಐದು ವರ್ಷ ಯಾವ ತಂಡವನ್ನೂ ಕರೆದೊಯ್ಯುವಂತಿಲ್ಲ. ಮಲ್ಲಮ್ಮ ತಿಳಿಯದೆ ಭಾಗಿಯಾದವಳು, ಆದರೂ ಅರ್ಹತೆಯಿಲ್ಲದೆ ಆಡಿದವಳು, ಆದ್ದರಿಂದ ಅವಳಿಗೆ ಒಂದು ವರ್ಷ ನಿಷೇಧ.

ಮುಕ್ತಾರ್ ಮರುದಿನ ಕ್ರೀಡಾ ಕೋಣೆಗೆ ಬಂದ. ವಾಲಿಬಾಲ್‌ಗಳಿದ್ದ ಜಾಳಿಗೆ ಚೀಲವನ್ನು ಟೇಬಲ್ಲಿನ ಪಕ್ಕ ಇಳಿಸಿದ.

‘ಕೂಡು ಮುಕ್ತಾರ್.’

‘ಕೂಡಾಕ ಬಂದಿಲ್ರಿ.’ ಅವನ ದನಿ ಏರಲಿಲ್ಲ. ‘ಮುಂದಿನ ತಿಂಗಳ ನಂದು ಯುನಿವರ್ಸಿಟಿ ಸೆಲೆಕ್ಷನ್ ಇತ್ರಿ. ನಿಮಗ ಗೊತ್ತಿತ್ತು. ಮಲ್ಲಮ್ಮನ ಕಾಗದ ನಿಮ್ಮ ಚೀಲದಾಗ ಇತ್ತಂತ, ಪ್ರಿನ್ಸಿಪಾಲ್ ಸರ್ ಹೇಳಿದ್ರು. ಕೊಟ್ಟಿದ್ರ ನಾ ಆಡತಿದ್ನಿ.’

‘ಹೌದು.’

‘ಅಕಿಗೆ ಮೂರು ವರ್ಷ ಆಗತಿತ್ತು, ಸುಳ್ಳಿನ ಮ್ಯಾಲ ಆಗತಿತ್ತು. ಅದೂ ತಪ್ಪ, ನಾ ಒಪ್ತೇನ್ರಿ. ಆದ್ರ ನಮ್ಮ ಕಡೆ ಯಾರು ನೋಡೂದು?’

ಶೈಲಾ ಚೀಲವನ್ನು ತನ್ನ ಕಡೆ ಎಳೆದುಕೊಂಡಳು. ‘ನನ್ನ ಮ್ಯಾಲ ಸಿಟ್ಟಾಗು. ಅದು ಸರಿ ಐತಿ,’ ಎಂದಳು.

‘ಸಿಟ್ಟಾದ್ರ ಆಟ ಬರ್ತೈತೇನ್ರಿ?’ ಎಂದು ಹೇಳಿ ಅವನು ಹೋದ. ಆಮೇಲೆ ವರ್ಷ ಮುಗಿಯುವವರೆಗೂ ಅವಳು ಎದುರಾದಾಗ ತಲೆ ತಗ್ಗಿಸಿ ದಾಟಿದ. ಇಳಕಲ್ಲಿನಲ್ಲಿ ಅಣ್ಣನ ಕಲ್ಲು ಪಾಲಿಶ್ ಕೆಲಸಕ್ಕೆ ಸೇರಿ ಊರಿನ ತಂಡದಲ್ಲಿ ಆಡುತ್ತಿದ್ದಾನೆಂದು ಬೇರೆಯವರಿಂದ ತಿಳಿಯಿತು.

ಮೈದಾನದಲ್ಲಿ ಹುಲ್ಲು ಬೆಳೆಯಿತು. ಶೈಲಾ ತರಗತಿಗಳಲ್ಲಿ ಆರೋಗ್ಯ ಶಿಕ್ಷಣದ ಪಾಠ ಮಾಡಿದಳು, ಮನೆಗೆ ಹೋದಳು. ಸ್ಟಾಫ್ ರೂಮಿನಲ್ಲಿ ಕೆಲವರು ಅವಳನ್ನು ಹೊಗಳಿದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಮುಕ್ತಾರ್ ಚೀಲ ಇಳಿಸಿದ ಸದ್ದು ನೆನಪಾಗುತ್ತಿತ್ತು. ಖರೆ ಹೇಳಿದ್ದು ಮಲ್ಲಮ್ಮನಿಗಾಗಿಯೋ ಅಥವಾ ತನ್ನ ಮನಸ್ಸಿನ ಮುಳ್ಳು ಕೀಳಲಿಕ್ಕೋ ಎಂದು ಅವಳೇ ಎಷ್ಟೋ ಸಲ ಕೇಳಿಕೊಂಡಳು. ಮಲ್ಲಮ್ಮ ತರಗತಿಗೆ ತಪ್ಪದೆ ಬರುತ್ತಿದ್ದಳು. ಹುಡುಗಿಯರಲ್ಲಿ ಕೆಲವರು ಅವಳ ಪಕ್ಕ ಕೂರುವುದನ್ನು ಬಿಟ್ಟಿದ್ದರು. ಶೈಲಾಳನ್ನು ಕಂಡರೆ ‘ನಮಸ್ಕಾರ್ರಿ ಮೇಡಂ’ ಎನ್ನುತ್ತಿದ್ದಳು, ಅಷ್ಟೇ.

ಮುಂದಿನ ಅಕ್ಟೋಬರಿನಲ್ಲಿ ಅಂತರಕಾಲೇಜು ಪಂದ್ಯಗಳು ಬಾದಾಮಿಯಲ್ಲಿ ನಡೆದವು. ಶೈಲಾ ರಜೆ ಹಾಕಿ ಹೋದಳು. ಅಂಕಣದ ಹತ್ತಿರ ಹೋಗುವಂತಿರಲಿಲ್ಲ, ಆದ್ದರಿಂದ ನೋಡುವವರ ನಡುವೆ ಬೇವಿನ ಗಿಡದ ಕೆಳಗೆ ನಿಂತಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಯಾರೋ ಬಂದು ನಿಂತರು. ನೋಡಿದರೆ ಮಲ್ಲಮ್ಮ.

‘ಒಬ್ಬಾಕಿನ ಬಂದಿ?’

‘ಅವ್ವ ಬಂದಾಳ್ರಿ. ಬನಶಂಕರಿಗೆ ಹೋಗ್ಯಾಳ, ಹಣ್ಣುಕಾಯಿ ಮಾಡಸಾಕ. ನಾ ಆಟ ನೋಡ್ತೇನಿ ಅಂದ್ನಿ.’

ಇಬ್ಬರೂ ಒಂದು ಪಂದ್ಯ ನೋಡಿದರು. ಎರಡನೆಯದು ಶುರುವಾಗುವ ಮುಂಚೆ ಶೈಲಾ, ‘ನಿನ್ನ ಆ ಕಾಗದ ನಾ ಹರದು ಹಾಕಿದ್ನಿ,’ ಎಂದಳು.

‘ಹರದಿರ್ತೀರಿ ಅಂತ ಗೊತ್ತಿತ್ರಿ.’ ಮಲ್ಲಮ್ಮ ಅಂಕಣದ ಮೇಲಿನ ಕಣ್ಣು ತೆಗೆಯಲಿಲ್ಲ. ‘ಒಂದು ಮಾತ ಕೇಳ್ಲ್ಯಾ ಮೇಡಂ? ಸಿಟ್ಟಾಗಬ್ಯಾಡ್ರಿ.’

‘ಕೇಳು.’

‘ಹಾಜರಿ ಹಾಕೂಮುಂದ ನನ್ನ ಯಾಕ ಕೇಳ್ಲಿಲ್ರಿ? ಕೇಳಿದ್ರ ಈ ವರ್ಷ ಬ್ಯಾಡ ಬಿಡ್ರಿ, ಮುಂದಿನ ವರ್ಷ ಆಡ್ತೇನಿ ಅಂತಿದ್ನಿ. ಆಮ್ಯಾಲ ಕಾಗದಕ್ಕ ಸಹಿ ಹಾಕಿದ್ನಿ. ಅದು ನಾನ ವಿಚಾರ ಮಾಡಿ ಹಾಕಿದ್ದು. ಮುಕ್ತಾರಣ್ಣಾರ ಸಲುವಾಗಿ ಹಾಕಿದ್ದು. ನೀವು ಅದನ್ನ ಚೀಲದಾಗ ಇಟ್ಕೊಂಡ ಬ್ಯಾರೆ ಮಾತ ಹೇಳಿದ್ರಿ. ಆಗೂ ನನ್ನ ಕೇಳ್ಲಿಲ್ಲ.’

ಶೈಲಾ ಅವಳ ಕಡೆ ತಿರುಗಿದಳು. ಇಷ್ಟು ದಿನ ತನ್ನ ಒಂದು ತಪ್ಪು, ಒಂದು ಸರಿ ಎಂದು ಬೇರೆ ಬೇರೆ ಇಟ್ಟುಕೊಂಡಿದ್ದಳು. ಎರಡರಲ್ಲೂ ಈ ಹುಡುಗಿಯನ್ನು ತಾನು ಕೇಳಿರಲಿಲ್ಲ ಎಂಬುದು ಈಗಷ್ಟೇ ತಿಳಿಯಿತು.

‘ನೀ ಕೊಟ್ಟ ಕಾಗದ ಸುಳ್ಳಿತ್ತು ಮಲ್ಲಿ. ಅದನ್ನ ಕೊಡಾಕ ನನ್ನಿಂದ ಆಗತಿರಲಿಲ್ಲ. ಆದ್ರ ಕೊಡೂದಿಲ್ಲ ಅಂತ ನಿನಗ ಮೊದಲ ಹೇಳಬೇಕಿತ್ತು. ಹಾಜರಿದಂತೂ ಕೇಳಬೇಕಿತ್ತು. ಎರಡೂ ನಂದ ತಪ್ಪು.’

ಮಲ್ಲಮ್ಮ ತಲೆಯಾಡಿಸಿದಳು. ಅವಳ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. ‘ಹಂಗ ಅಂದ್ರಲ್ಲ, ಸಾಕ್ರಿ,’ ಎಂದಳು.

ಸಂಜೆ ರಂಗವ್ವ ಕುಂಕುಮ, ತೆಂಗಿನಕಾಯಿ ಹೋಳು ಹಿಡಿದು ಬಂದಾಗ ಮೂವರೂ ಬಸ್ ಸ್ಟ್ಯಾಂಡಿನವರೆಗೆ ನಡೆದರು. ರಂಗವ್ವ ಗಂಡನ ಕಾಲಿನ ಸುದ್ದಿ ಹೇಳಿದಳು. ಈಗ ಕೋಲು ಹಿಡಿದು ಹಿಂಡಿನ ಹಿಂದೆ ಹೋಗುತ್ತಾನಂತೆ, ಆದರೆ ಹೋತ ಮಾತ್ರ ಅವನ ಮಾತು ಕೇಳುವುದಿಲ್ಲವಂತೆ.

ಪದವಿ ಮುಗಿಸಿ ಮಲ್ಲಮ್ಮ ಬಾಗಲಕೋಟೆಯಲ್ಲಿ ದೈಹಿಕ ಶಿಕ್ಷಣದ ಕೋರ್ಸಿಗೆ ಸೇರಿದಳು. ಅಲ್ಲಿ ಅವಳಿಗೆ ಮತ್ತೆ ಆಡಲು ಸಿಕ್ಕಿತು. ಮೊದಲ ಪಂದ್ಯದ ದಿನ ಮಧ್ಯಾಹ್ನ ಶೈಲಾಳಿಗೆ ಫೋನ್ ಬಂತು.

‘ಸೋತ್ವಿರಿ ಮೇಡಂ. ನಾ ನಲವತ್ತು ಸೆಕೆಂಡಿನ್ಯಾಗ ಔಟ್.’

‘ನಲವತ್ತಾ? ಹೆಂಗ?’

‘ಎರಡು ವರ್ಷ ಆತಲ್ರಿ, ಕಾಲು ಕೇಳವಲ್ವು.’ ಆ ಕಡೆಯಿಂದ ನಗು ಕೇಳಿಸಿತು. ‘ಯಾಕ ಸಿಕ್ನಿ ಅಂತ ಹೇಳ್ತೇನಿ, ಕೇಳ್ರಿ.’

ಶೈಲಾ ಪಾಠದ ಪುಸ್ತಕ ಮುಚ್ಚಿಟ್ಟು ಕಿಟಕಿಯ ಬಳಿ ಬಂದು ನಿಂತಳು. ಮಲ್ಲಮ್ಮ ಒಂದೊಂದು ಸುತ್ತನ್ನೂ ಹೇಳುತ್ತ ಹೋದಳು. ಶೈಲಾ ನಡುವೆ ಬಾಯಿ ಹಾಕದೆ ಕೇಳಿದಳು.